ಜಾಗಟೆಗೆ ಬರುತ್ತಿದ್ದ ಜಿಂಕೆಗಳು

ವ್ಯಾಸರಾಜ ಆಚಾರ್ಯರು ಬೇಟೆ ಜಮೀನು ಕೊಂಡರು ಎಂದು ಕೇಳಿದ ದಿನ ನಾನು ಯೂನಿಯನ್ ಸಿಟಿಯ ನನ್ನ ಟೈರ್ ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಈರುಳ್ಳಿಯನ್ನೂ ಮುಟ್ಟದ ಮೈಸೂರಿನ ಮಾಧ್ವರಿಗೆ ನಲವತ್ತು ಎಕರೆ ಬೇಟೆ ಕಾಡು ಯಾಕೆ?

"ಆಚಾರ್ರ, ಬಂದೂಕು ಹಿಡಿಯೋದು ನಾ ಕಲಸ್ಲೇನು?" ಎಂದೆ.

"ಬಂದೂಕು ಒಳಗೆ ಬರಬಾರದು ಅಂತಲೇ ತಗೊಂಡಿದ್ದು ಸಾಹೇಬ್ರೇ," ಎಂದರು.

ನಾನು ಧಾರವಾಡದ ಇಕ್ಬಾಲ್. ಮಾಂಸ ತಿನ್ನುವವನು, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಆಚಾರ್ಯರ ಹಳೇ ಕಾರಿಗೆ ಇಪ್ಪತ್ತು ವರ್ಷ ಟೈರ್ ಹಾಕಿ ಹಾಕಿಯೇ ನಮ್ಮ ಸ್ನೇಹ ಬೆಳೆದದ್ದು. ಅವರು ಸ್ಯಾನ್ ಹೊಸೆಯ ಕಂಪನಿಯೊಂದರಲ್ಲಿ ಚಿಪ್ ಪರೀಕ್ಷೆ ಮಾಡುತ್ತಿದ್ದು ನಿವೃತ್ತರಾದವರು. ಅಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಅವರು ಮತ್ತು ಅವರ ಹೆಂಡತಿ ಮೈಥಿಲಿ, ಇಬ್ಬರೇ. ಒಮ್ಮೆ ಆಫೀಸಿನವರ ಜೊತೆ ಲಿವರ್‌ಮೋರ್ ಆಚೆಯ ಗುಡ್ಡಕ್ಕೆ ಪಿಕ್‌ನಿಕ್ ಹೋದಾಗ, ಓಕ್ ಮರಕ್ಕೆ ತಲೆಕೆಳಗಾಗಿ ತೂಗುಹಾಕಿದ ಜಿಂಕೆಯೊಂದನ್ನು ಮೈಥಿಲಿಯವರು ಕಂಡರಂತೆ. ಎರಡು ದಿನ ಊಟ ಬಿಟ್ಟರಂತೆ. ಆ ಜಮೀನಿನ ಮುದುಕ ಅದನ್ನು ಮಾರಲು ಹೊರಟಾಗ ಇವರು ಕೊಂಡುಬಿಟ್ಟರು. ಬೇಟೆ ನಿಷಿದ್ಧ ಎಂಬ ಹಲಗೆಗಳನ್ನು ಬೇಲಿಯುದ್ದಕ್ಕೂ ಇಬ್ಬರೇ ನಿಂತು ಹೊಡೆದರು.

ಬೇಸಿಗೆಯಲ್ಲಿ ಆ ಗುಡ್ಡದಲ್ಲಿ ಹನಿ ನೀರಿಲ್ಲ. ಪ್ರತಿ ಶನಿವಾರ ನನ್ನ ಪಿಕಪ್‌ನಲ್ಲಿ ಟ್ಯಾಂಕ್ ಹೇರಿಕೊಂಡು ಹೋಗಿ ಅಲ್ಲಿನ ತೊಟ್ಟಿ ತುಂಬಿಸುತ್ತಿದ್ದೆವು. ಜಾಗಟೆ ಬಂದದ್ದು ಆಮೇಲೆ. ಮನೆಯಲ್ಲಿ ಮಂಗಳಾರತಿಗೆ ಬಾರಿಸಿದರೆ ಪಕ್ಕದವರಿಗೆ ತೊಂದರೆ ಎಂದು ಬಡಾವಣೆಯ ಅಸೋಸಿಯೇಷನ್ನಿನಿಂದ ಲೆಟರ್ ಬಂತು. ಆಚಾರ್ಯರು ಜಗಳವಾಡುವ ಜಾಯಮಾನದವರಲ್ಲ. ಜಾಗಟೆಯನ್ನು ಗುಡ್ಡಕ್ಕೇ ತಂದು, ತೊಟ್ಟಿ ತುಂಬಿದ ಮೇಲೆ ಅಲ್ಲೇ ಬಾರಿಸತೊಡಗಿದರು. ಮೊದಲ ವರ್ಷ ಆ ಸದ್ದಿಗೆ ಜಿಂಕೆಗಳು ಓಡಿಹೋಗುತ್ತಿದ್ದವು. ನಾಲ್ಕನೇ ವರ್ಷ ಅದೇ ಸದ್ದಿಗೆ ಬರತೊಡಗಿದವು. ಎಲ್ಲಕ್ಕೂ ಮುಂದೆ ಕಿವಿ ಹರಿದ ಒಂದು ಗಂಡು. ಮೈಥಿಲಿಯವರು ಅದನ್ನು ಹರಕ ಎಂದು ಕರೆದರು. ಜಾಗಟೆಯ ಸದ್ದಿಗೆ ಅವು ಬರುವ ವಿಡಿಯೋ ತೆಗೆದವನು ನಾನು.

ಆಮೇಲೆ ಮೈಥಿಲಿಯವರಿಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ಮನೆಯ ದಾರಿ. ಹಗಲೂ ರಾತ್ರಿ ಜೊತೆಗೆ ಒಬ್ಬರು ಬೇಕೇ ಬೇಕು ಎಂದರು ಡಾಕ್ಟರು. ಜಮೀನು ಮಾರದೆ ಅದು ಸಾಧ್ಯವಿರಲಿಲ್ಲ. ಏನು ಮರೆತರೂ ಶನಿವಾರ ಸಂಜೆ ಗಂಡ ಮನೆಗೆ ಬಂದ ಕೂಡಲೇ ಆಕೆ ಕೇಳುತ್ತಿದ್ದ ಮಾತೊಂದೇ, "ಬಂದಿದ್ವಾ?" ಆಚಾರ್ಯರು "ಬಂದಿದ್ವು ಕಣೆ" ಎನ್ನುತ್ತಿದ್ದರು. ಆಕೆ ನಗುತ್ತಿದ್ದರು.

ಗುಂಡು ಹಾರಿಸದವರಿಗೇ ಕೊಡಬೇಕೆಂದು ಆಚಾರ್ಯರು ಎಂಟು ತಿಂಗಳು ಅಲೆದರು. ದೇವಸ್ಥಾನದ ಗೆಳೆಯರು ರೋಡಿಲ್ಲ, ಕರೆಂಟಿಲ್ಲ ಎಂದರು. ಕಾಡು ಕಾಯುವ ಸಂಸ್ಥೆಯವರು ಜಾಗ ತೀರಾ ಸಣ್ಣದು ಎಂದರು. ಕೊನೆಗೆ ಏಜೆಂಟ್ ಒಬ್ಬಳಿಗೆ ವಹಿಸಿದರು. ಅವಳು ಫೋಟೋ ಕೇಳಿದಾಗ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಜಾಗ ಚೆನ್ನಾಗಿ ಕಾಣಲಿ ಎಂದು ನಾನೇ ಆ ವಿಡಿಯೋ ಕಳಿಸಿದೆ. ಅವಳು ಅದರ ಕೆಳಗೆ ಬರೆದಳು: ಇಲ್ಲಿನ ಜಿಂಕೆಗಳಿಗೆ ಮನುಷ್ಯರ ಭಯವಿಲ್ಲ, ಕರೆದರೆ ಬರುತ್ತವೆ.

ಒಂದೇ ವಾರದಲ್ಲಿ ಮೂವರು ಬಂದರು. ಮೂವರೂ ಬೇಟೆಗಾರರು. ಬೇಟೆಯಾಡಬಾರದು ಎಂದು ಷರತ್ತು ಹಾಕಿದ ಕೂಡಲೇ ಇಬ್ಬರು ಹಿಂದೆ ಸರಿದರು. ಮೂರನೆಯವನು ಷರತ್ತು ಒಪ್ಪುವುದಿಲ್ಲ, ಆದರೆ ಕೊಳ್ಳುತ್ತೇನೆ, ವಿಡಿಯೋದಲ್ಲಿ ಕಂಡ ಆ ಹಿತ್ತಾಳೆ ತಟ್ಟೆಯನ್ನೂ ಜಮೀನಿನ ಜೊತೆ ಬಿಟ್ಟುಕೊಡಬೇಕು ಎಂದು ಬರೆದ. ಅಷ್ಟರಲ್ಲಿ ಮೈಥಿಲಿಯವರು ಎರಡು ಸಲ ದಾರಿ ತಪ್ಪಿ ರಸ್ತೆಯಲ್ಲಿ ಸಿಕ್ಕಿದ್ದರು. ಜಾಗಟೆ ಕೊಡುವುದಿಲ್ಲ ಎಂದು ಹೇಳಿ, ಆಚಾರ್ಯರು ಮಿಕ್ಕದ್ದಕ್ಕೆ ಸಹಿ ಹಾಕಿದರು.

ಬೇಟೆಯ ಸೀಸನ್ನಿಗೆ ತಿಂಗಳಷ್ಟೇ ಉಳಿದಿತ್ತು. ಜಿಂಕೆಗಳಿಗೆ ಭಯ ಕಲಿಸೋಣ ಎಂದವನು ನಾನು. ಜಾಗಟೆ ಬಾರಿಸುವುದು, ಬಂದ ಮೇಲೆ ಕಲ್ಲು ಹೊಡೆದು ಓಡಿಸುವುದು. ಆಚಾರ್ಯರು ಕೈಯಲ್ಲಿ ಕಲ್ಲು ಹಿಡಿದು ನಿಂತರು. ಹರಕ ಹತ್ತು ಹೆಜ್ಜೆ ದೂರದಲ್ಲಿತ್ತು.

"ಒಗೀರಿ ಆಚಾರ್ರ. ಒಂದ್ ಕಲ್ಲು ಒಗದ್ರ ಅದು ಬದುಕ್ತೈತಿ."

"ಗೊತ್ತು ಸಾಹೇಬ್ರೇ. ಕೈ ಏಳ್ತಿಲ್ಲ."

ಕಡೆಗೂ ಎಸೆದರು. ಅದು ಅವರ ಕಾಲ ಬಳಿಯೇ ಬಿತ್ತು. ಹರಕ ಬಂದು ಕಲ್ಲನ್ನು ಮೂಸಿತು. ನಾನು ಬೈದುಕೊಂಡು ಒಂದು ದೊಡ್ಡ ಕಲ್ಲನ್ನೇ ಬೀಸಿದೆ, ಅದರ ಸೊಂಟಕ್ಕೆ ತಗುಲಿತು. ಎಲ್ಲವೂ ಓಡಿದವು. ಆಚಾರ್ಯರು ನನ್ನ ಕಡೆ ನೋಡದೆ ಹೋಗಿ ಪಿಕಪ್‌ನಲ್ಲಿ ಕೂತರು. ಮುಂದಿನ ಶನಿವಾರ ಜಾಗಟೆಗೆ ಅವೆಲ್ಲ ಮತ್ತೆ ಬಂದವು, ಹರಕ ಸ್ವಲ್ಪ ಕುಂಟುತ್ತಿತ್ತು. ನಾವು ಮತ್ತೆ ಕಲ್ಲು ಎತ್ತಲಿಲ್ಲ.

ಕೊನೆಯ ದಿನ ಗೇಟಿನ ಬೀಗದಕೈ ಕೊಡಲು, ಹಲಗೆಗಳನ್ನು ಕೀಳಲು ಹೋದೆವು. ಜಾಗಟೆ ಆಚಾರ್ಯರ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿಕೊಂಡಿತ್ತು. ಇನ್ನು ಕರೆಯುವವರಿಲ್ಲ, ಮೆಲ್ಲಗೆ ಮರೆಯುತ್ತವೆ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದರು. ಕೊಂಡವನು ಒಳ್ಳೆಯ ಮನುಷ್ಯ, ಕೈಕುಲುಕಿ ನೀರಿನ ಬಾಟಲ್ ಕೊಟ್ಟ. ಆಮೇಲೆ ಬೇಲಿಗೆ ಹೊಸ ಕಬ್ಬಿಣದ ಕಂಬ ಊರಲು ಸುತ್ತಿಗೆ ಎತ್ತಿದ. ಕಬ್ಬಿಣದ ಮೇಲೆ ಕಬ್ಬಿಣ, ಠಣ್ ಠಣ್ ಎಂದು ಗುಡ್ಡವೆಲ್ಲ ಕೇಳಿಸಿತು.

ಓಕ್ ಮರಗಳ ನಡುವಿನಿಂದ ಹರಕ ಹೊರಗೆ ಬಂತು. ಅದರ ಹಿಂದೆ ಉಳಿದವು.

ಕೊಂಡವನು ಸುತ್ತಿಗೆ ಇಳಿಸಿ, ಸುಮ್ಮನೆ ನೋಡುತ್ತಾ ನಿಂತ. ಆಚಾರ್ಯರು ಚಪ್ಪಾಳೆ ತಟ್ಟುತ್ತಾ ಓಡಿದರು. "ಹೋಗ್ರೋ, ಹೋಗ್ರಪ್ಪಾ, ಬರಬೇಡ್ರೋ" ಎಂದು ಕೂಗಿದರು. ಅವರ ದನಿ ಅವುಗಳಿಗೆ ಪರಿಚಿತ. ಹರಕ ಕುಂಟುತ್ತಾ ಇನ್ನೂ ಹತ್ತಿರ ಬಂತು.

ನಾವಿಬ್ಬರೂ ಫ್ರೀವೇ ಹತ್ತಿ ಮನೆಗೆ ಬಂದೆವು. ಡಬ್ಲಿನ್‌ನಲ್ಲಿ ಮೈಥಿಲಿಯವರು ಸೋಫಾದ ಮೇಲೆ ಕೂತಿದ್ದರು, ಪಕ್ಕದಲ್ಲಿ ನೋಡಿಕೊಳ್ಳಲು ಬಂದ ಹೊಸ ಹೆಂಗಸು.

"ಬಂದಿದ್ವಾ?" ಎಂದರು.

ಆಚಾರ್ಯರು ಬಾಗಿಲಲ್ಲೇ ನಿಂತರು. ಇವತ್ತು ಬರಲಿಲ್ಲ ಅಂತ ಸುಳ್ಳು ಹೇಳಲಿ ಎಂದು ನಾನು ಅಲ್ಲಾಹನನ್ನು ಬೇಡಿಕೊಂಡೆ. ಅವರ ಬಾಯಲ್ಲಿ ಸುಳ್ಳು ಬರುವುದಿಲ್ಲ.

"ಬಂದಿದ್ವು ಕಣೆ."

"ಹರಕ?"

"ಅವನೇ ಮೊದಲು ಬಂದ."

ಮೈಥಿಲಿಯವರು ನಕ್ಕರು. ಮುಂದಿನ ಶನಿವಾರ ತಮ್ಮನ್ನೂ ಕರೆದುಕೊಂಡು ಹೋಗಿ ಎಂದರು. ಆಚಾರ್ಯರು ಜಾಗಟೆಯನ್ನು ಟವೆಲ್ ಬಿಚ್ಚದೆ ಬೀರುವಿನಲ್ಲಿಟ್ಟು, ಮುಖ ತೊಳೆಯಲು ಹೋದರು.