ರೌದಾ ತೆಗೆದ ಪುಟ

ಕಾಫಿ ಬೀಜ ಹುರಿಯುವಾಗ ರೌದಾ ಅತ್ತಯ್ಯಿಬ್ ಮಾತಾಡುವುದಿಲ್ಲ. ಅಂದು ಮಧ್ಯಾಹ್ನವೂ ಸುಡಾನಿನ ಅಟ್ಬರಾ ಊರಿನ ರೈಲ್ವೆ ಕ್ವಾರ್ಟರ್ಸಿನ ತಮ್ಮ ಅಂಗಳದಲ್ಲಿ, ಕೆಂಡದ ಮುಂದೆ ಕೂತು ಬೀಜ ಕಪ್ಪಾಗುವುದನ್ನೇ ನೋಡುತ್ತಿದ್ದರು. ಎದುರಿನ ಹಗ್ಗದ ಮಂಚದ ಮೇಲೆ ಪಕ್ಕದ ಮನೆಯ ಹಾಜ್ಜಾ ಬತೂಲ್, ಜೊತೆಗೆ ರೊಟ್ಟಿ ಮಾರುವ ಸಿತ್ತನೂರ್. ರೌದಾ ಅವರ ಮೊಣಕಾಲ ಬಳಿ ಹೊಸ ಕಾದಂಬರಿಯ ಹಸ್ತಪ್ರತಿ, ಗಾಳಿಗೆ ಹಾರದಂತೆ ಮೇಲೊಂದು ಕುಟ್ಟಾಣಿ.

ರೌದಾ ನಿವೃತ್ತಿಯವರೆಗೂ ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಅವರ ಮೊದಲ ಕಾದಂಬರಿ ಮುಷ್ಕರದ ದಿನಗಳ ಹೆಂಗಸರದ್ದು. ಅದು ಬಂದ ಮೇಲೆ, ಅದರಲ್ಲಿ ತನ್ನನ್ನೇ ಕಂಡ ಎಂಜಿನ್ ಫೈರ್‌ಮನ್ ಒಬ್ಬನ ಹೆಂಡತಿ ಇವರ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು. ಆಗಿನಿಂದ ಒಂದು ಪದ್ಧತಿ: ಯಾರ ಬದುಕಿನಿಂದ ಕಥೆ ಬಂತೋ ಅವರಿಗೆ ಅಚ್ಚಾಗುವ ಮೊದಲು ಓದಿ ಹೇಳುವುದು, ಅವರು ಬೇಡವೆಂದರೆ ಬಿಡುವುದು. ಹಾಗೆ ಬಿಟ್ಟ ಇಡೀ ಕಾದಂಬರಿಯೊಂದು ಈಗಲೂ ಟ್ರಂಕಿನಲ್ಲಿದೆ. ಕೈರೋದ ಪ್ರಕಾಶಕರಿಗೆ ಇದು ಹುಚ್ಚಾಗಿ ಕಾಣುತ್ತದೆ.

ಈಗಿನ ಈ ನಾಲ್ಕನೆಯ ಕಾದಂಬರಿ ಬತೂಲ್ ಅವರ ಬದುಕಿನದ್ದು. ಎಂಜಿನ್ ಡ್ರೈವರ್ ಆಗಿದ್ದ ಅವರ ಗಂಡ ಪೋರ್ಟ್ ಸುಡಾನಿನಲ್ಲಿ ಇನ್ನೊಂದು ಸಂಸಾರ ಹೂಡಿ, ತಿರುಗಿ ಬರಲಿಲ್ಲ. ಬತೂಲ್ ಆತ ಸತ್ತನೆಂದು ಸಾರಿದರು. ವಿಧವೆಯರ ಬಿಳಿ ತೋಬ್ ಬಟ್ಟೆ ಸುತ್ತಿಕೊಂಡು, ಬದುಕಿದ್ದವನಿಗಾಗಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಶೋಕಕ್ಕೆ ಕೂತರು. ಬೀದಿಗೆಲ್ಲ ನಿಜ ಗೊತ್ತಿತ್ತು. ಆದರೂ ಹೆಂಗಸರು ಬಂದು ಚಾಪೆಯ ಮೇಲೆ ಕೂತು ಸಂತಾಪ ಹೇಳಿ ಹೋದರು. ಗೊತ್ತಿಲ್ಲದವಳು ಒಬ್ಬಳೇ, ಆಗ ತೊಟ್ಟಿಲಲ್ಲಿದ್ದ ಮಗಳು ಇಜ್ಲಾಲ್. ತಂದೆ ಸತ್ತನೆಂದೇ ನಂಬಿ ಬೆಳೆದಳು.

ರೌದಾ ಮೊದಲ ಸುತ್ತಿನ ಕಾಫಿ ಬಗ್ಗಿಸಿ ಓದತೊಡಗಿದರು. ಎರಡನೇ ಸುತ್ತೂ ಮುಗಿಯಿತು.

"ನನ್ನನ್ನೂ ಹಾಕಿದೀಯಾ ಇದರಲ್ಲಿ?" ಸಿತ್ತನೂರ್ ಕೇಳಿದರು.

"ಹಾಕಿದೀನಿ. ಸಂತಾಪಕ್ಕೆ ಬಂದು ಮೂರು ತಟ್ಟೆ ಊಟ ಹೊಡೆದವಳು."

"ಎರಡೇ ಕಣೇ, ಸುಳ್ಳಿ!"

"ಬಾಯ್ಮುಚ್ಚೇ ಸಿತ್ತನೂರ್," ಅಂದರು ಬತೂಲ್. "ರೌದಾ, ನೀನು ಓದು."

ಮುಂದಿನ ಪುಟದಲ್ಲಿ ಕಾದಂಬರಿಯ ಆ ಹೆಂಡತಿ ನೀರಿನ ಗುಡಾಣಗಳ ಹಿಂದೆ ಒಬ್ಬಳೇ ನಿಂತು ಅಳುತ್ತಾಳೆ. ಪ್ರಕಾಶಕರು ತುಂಬ ಹೊಗಳಿದ್ದು ಈ ಪುಟವನ್ನೇ.

"ನಿಲ್ಲಿಸು. ನಾನು ಅತ್ತಿದ್ದನ್ನ ಯಾರು ನೋಡಿದ್ದು?"

"ಯಾರೂ ಇಲ್ಲ ಹಾಜ್ಜಾ. ನಾನೇ ಅಂದ್ಕೊಂಡೆ."

"ಅಂದ್ಕೊಂಡ್ಳಂತೆ! ಅವನಿಗೋಸ್ಕರ ಒಂದು ಹನಿ ಹಾಕಿಲ್ಲ ನಾನು. ಬಿಳಿ ಬಟ್ಟೆ ಉಟ್ಟ ದಿನವೇ ಅವನನ್ನ ಹೂತು ಹಾಕಿದೆ."

ರೌದಾ ಹಾಳೆಗಳನ್ನು ಮಡಿಲಲ್ಲಿ ಜೋಡಿಸಿದರು. ಮೂರು ವರ್ಷದ ಕೆಲಸ. "ಹಾಗಾದ್ರೆ ಪುಸ್ತಕ ಬೇಡ?"

"ಬೇಡ ಅಂದ್ನಾ? ಅತ್ತಿದ್ದು ತೆಗಿ ಅಂದೆ. ಅದಿದ್ರೆ ನನ್ನ ಮಗಳು, ಅಮ್ಮ ಸೋತು ಸುಳ್ಳು ಹೇಳಿದ್ಳು ಅಂದ್ಕೋತಾಳೆ."

"ಇಜ್ಲಾಲ್‌ಗೆ ಗೊತ್ತಾಗಿಬಿಡುತ್ತಲ್ಲ?"

"ಆಗ್ಲಿ. ಊರವರ ಬಾಯಿಂದ ಬೇಡ, ನನ್ನ ಅಂಗಳದಲ್ಲೇ ಗೊತ್ತಾಗ್ಲಿ. ಮೂರನೇ ಸುತ್ತು ಎಲ್ಲೇ? ತಣ್ಣಗಾಗ್ತಿದೆ."

ಪ್ರಕಾಶಕರು ಫೋನಿನಲ್ಲಿ ಬಹಳ ಹೊತ್ತು ವಾದಿಸಿದರು. ಆ ಪುಟವಿಲ್ಲದೆ ಓದುಗರ ಕಣ್ಣು ಒದ್ದೆಯಾಗುವುದಿಲ್ಲ ಎಂದರು. "ಆಗದಿದ್ದರೆ ಬೇಡ," ಎಂದು ರೌದಾ ಫೋನ್ ಇಟ್ಟರು. ಪುಟವಿಲ್ಲದ ಪ್ರತಿ ಆ ವಾರವೇ ಕೈರೋಗೆ ಹೋಯಿತು.

ಇಜ್ಲಾಲ್ ಬರುವ ಶುಕ್ರವಾರ ಕಸ್ಸಲಾದಿಂದ ಬರುತ್ತಾಳೆ. ಬತೂಲ್ ಅವರ ಅಂಗಳದಲ್ಲಿ ಅವಳಿಗೆ ಓದುವವರು ರೌದಾ. ಕಾಫಿ ಬತೂಲ್ ಅವರದ್ದು.