ಊರು ಬಿಡದ ಕ್ಲಬ್

ಮಲೇಷ್ಯಾದ ಬಯಾನ್ ಲೆಪಾಸ್‌ನ ನಮ್ಮ ಕಾಂಡೋದಲ್ಲಿ ಪಕ್ಕದ ಮನೆಯವನು ಮೆಕ್ಸಿಕೋದ ಎಂಜಿನಿಯರ್. ಫುಟ್‌ಬಾಲ್ ಮಾತು ಬಂದರೆ ಮೇಜು ಗುದ್ದುತ್ತಿದ್ದ. ತಾತನ ಕಾಲದಿಂದ ಅವನ ಮನೆಯವರೆಲ್ಲ ಬೆಂಬಲಿಸಿದ್ದ ಕ್ಲಬ್ಬನ್ನು ಮಾಲೀಕರು ಆಟಗಾರರ ಸಮೇತ ಬೇರೆ ನಗರಕ್ಕೆ ಮಾರಿಬಿಟ್ಟಿದ್ದರು.

"ಹಾಗಾದ್ರೆ ಆ ಊರಿನ ಟೀಮನ್ನೇ ಸಪೋರ್ಟ್ ಮಾಡು" ಎಂದೆ.

"ಹೋಗಿದ್ದು ಆಟಗಾರರು. ಕ್ಲಬ್ ನಮ್ಮೂರಲ್ಲೇ ಇದೆ ಲಾ!"

ಯಾರು ಕೇಳಿದರೂ ಇದೇ ಉತ್ತರ, ಇಲ್ಲಿಯವರಿಂದ ಕಲಿತ ಆ 'ಲಾ' ಸಮೇತ.

ಕೊನೆಗೆ ಅವನೂರಿನ ಅಭಿಮಾನಿಗಳೇ ಸೇರಿ ಕೆಳಗಿನ ಡಿವಿಷನ್ನಿನಲ್ಲಿ ಕ್ಲಬ್ಬನ್ನು ಮತ್ತೆ ಕಟ್ಟಿದರು. ಮೊದಲ ಪಂದ್ಯವನ್ನು ಅವನ ತಂಗಿ ಗ್ಯಾಲರಿಯಿಂದಲೇ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಅಲ್ಲಿ ಸಂಜೆ, ಇಲ್ಲಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ನಮ್ಮ ಬೆಳಗಿನ ತಿಂಡಿ. ತಂಡ ಹೀನಾಯವಾಗಿ ಸೋತಿತು. ನಾನು ಸಮಾಧಾನ ಮಾಡಲು ಹೊರಟಾಗಲೇ ಅವನು ಎದ್ದು ನಿಂತು, ಕಣ್ಣೊರೆಸಿಕೊಂಡು, ಇಡೀ ಅಂಗಡಿಗೆ ಕೇಳುವಂತೆ ಕೂಗಿದ:

"ನಾವು ಸೋತ್ವಿ! ಸೋಲೋಕೆ ನಮಗೂ ಒಂದು ಟೀಮ್ ಇದೆ!"