ಅಕ್ಕನಿಗೆ ವಾಸನೆ ಮರಳಿದ್ದು

ಮೊನ್ನೆ ಬೆಳಿಗ್ಗೆ ಮುಂಬೈಯ ಮಲಾಡ್‌ನಿಂದ ಹೊರಟ ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬಾದಲ್ಲಿ ನಿಂತಿದ್ದೆ. ಪಕ್ಕದ ಹುಡುಗಿ ಪರ್ಸಿನಿಂದ ಪುಟ್ಟ ಸೀಸೆ ತೆಗೆದು ಕರವಸ್ತ್ರಕ್ಕೆ ಒಂದು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡಳು. ಬೆವರು, ಮಲ್ಲಿಗೆ, ಯಾರದೋ ಟಿಫಿನ್ನಿನ ಉಪ್ಪಿನಕಾಯಿ... ಎಲ್ಲವನ್ನೂ ಸರಿಸಿ ಆ ವಾಸನೆ ಬಂತು. ನನಗೆ ಎದುರುಮನೆಯ ಅಕ್ಕ ನೆನಪಾದರು.

ಅಕ್ಕ ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಮಗ, ಸೊಸೆಯ ಜೊತೆ ಇದ್ದರು. ಮಗನಿಗೆ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಕೆಲಸ, ಸೊಸೆಗೆ ಆಫೀಸು. ಅಡುಗೆಮನೆ ಪೂರ್ತಿ ಅಕ್ಕನದು. ಅವರಿಗೆ ಸುವಾಸನೆಯ ಎಣ್ಣೆಗಳೆಂದರೆ ಹುಚ್ಚು. ನೆಲ ಒರೆಸುವ ನೀರಿಗೆ ಮಜ್ಜಿಗೆಹುಲ್ಲಿನ ಎಣ್ಣೆ, ಹಲ್ಲುನೋವಿಗೆ ಹತ್ತಿಯಲ್ಲಿ ಲವಂಗದೆಣ್ಣೆ, ಶೀತವಾದರೆ ಬಿಸಿನೀರಿಗೆ ನೀಲಗಿರಿ. ನನಗೆ ತಲೆನೋವೆಂದು ತಿಳಿದರೆ ಬಂದು ಹಣೆಗೆ ಏನೋ ಸವರಿ ಹೋಗುತ್ತಿದ್ದರು. ನೋವು ಎಣ್ಣೆಗೆ ಇಳಿಯುತ್ತಿತ್ತೋ, ಅವರ ತಣ್ಣನೆಯ ಬೆರಳುಗಳಿಗೋ... ಹೇಳಲಾರೆ.

ಕೊರೊನಾ ಜ್ವರ ಬಂದು ಹೋದಾಗ ಅಕ್ಕನ ಮೂಗು ಸತ್ತೇಹೋಯಿತು. ಉಳಿದವರಿಗೆಲ್ಲ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಅವರಿಗೆ ತಿಂಗಳುಗಳಾದರೂ ಇಲ್ಲ. ಒಂದು ಸಂಜೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ಮನೆಯೆಲ್ಲ ತುಂಬಿತ್ತು. ಅಕ್ಕ ಪಕ್ಕದ ಹಾಲ್‌ನಲ್ಲೇ ಏನೂ ತಿಳಿಯದೆ ಸೊಪ್ಪು ಬಿಡಿಸುತ್ತಿದ್ದರು. ಆಫೀಸಿನಿಂದ ಬರುತ್ತಿದ್ದ ಸೊಸೆಗೆ ಮೆಟ್ಟಿಲಲ್ಲೇ ವಾಸನೆ ಹೊಡೆಯಿತು. ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದಳು. ಗದ್ದಲ ಕೇಳಿ ನಾನು ಹೋದಾಗ ಅವಳು ಅಕ್ಕನ ಎರಡೂ ಭುಜ ಹಿಡಿದು ನಿಂತಿದ್ದಳು.

“ಮಮ್ಮಿ, ಇನ್ನು ಗ್ಯಾಸ್ ಬಿಲ್ಕುಲ್ ಮುಟ್ಟಬೇಡಿ. ನಿಮಗೆ ಏನಾದ್ರೂ ಆದ್ರೆ ನಾನು ಏನ್ ಮಾಡ್ಲಿ?”

ಅವಳ ದನಿಯಲ್ಲಿದ್ದದ್ದು ಭಯ. ಅಕ್ಕನಿಗೆ ಕೇಳಿಸಿದ್ದು ಅಪ್ಪಣೆ ಮಾತ್ರ. ಮನೆಗೆ ಹೊರಗಿನಿಂದ ಊಟದ ಡಬ್ಬಿ ಬರತೊಡಗಿತು. ಅಕ್ಕ ಟಿವಿ ಮುಂದೆ ಸುಮ್ಮನೆ ಕೂತಿರುತ್ತಿದ್ದರು. “ಊಟಕ್ಕೆ ರುಚಿ ಇಲ್ಲ, ಕೈಗೆ ಕೆಲಸ ಇಲ್ಲ. ಇನ್ನು ನಾನು ಈ ಮನೆಯಲ್ಲಿ ಎಂಥಕ್ಕೆ ಮಾರಾಯ್ತಿ?” ಎಂದು ನನ್ನನ್ನು ಕೇಳಿದ್ದರು.

ಅವರನ್ನು ಡಾಕ್ಟರರ ಬಳಿ ಕರೆದೊಯ್ದವಳೂ ಸೊಸೆಯೇ. ಔಷಧಿಯೇನೂ ಇಲ್ಲ, ಬೆಳಿಗ್ಗೆ ಸಂಜೆ ನಾಲ್ಕು ಬಗೆಯ ಎಣ್ಣೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಸಿಕೊಳ್ಳಬೇಕು, ಮರಳಿದರೂ ಮರಳೀತು ಎಂದರಂತೆ ಅವರು. ನೀಲಗಿರಿ, ಲವಂಗ, ನಿಂಬೆ, ಗುಲಾಬಿ... ಸೀಸೆಗಳು ಬಂದವು. ಸಂಜೆ ನಾನೂ ಹೋಗಿ ಕೂರುತ್ತಿದ್ದೆ.

“ಎಂಥದೂ ಇಲ್ಲ. ನೀರು ಮೂಸಿದ ಹಾಗೆ,” ಎನ್ನುತ್ತಿದ್ದರು ಅಕ್ಕ.

“ನೆನಪು ಮಾಡಿ ಮಮ್ಮಿ. ಲವಂಗ ಅಂದ್ರೆ ಏನು ನೆನಪು ಬರ್ತದೆ?” ಸೊಸೆ ಬಿಡುತ್ತಿರಲಿಲ್ಲ.

ಅಕ್ಕ ಕಣ್ಣು ಮುಚ್ಚಿ ಹೇಳುತ್ತಿದ್ದರು. ಮದುವೆಯಾಗಿ ಮುಂಬೈಗೆ ಬರುವಾಗ, ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಗಂಡ ನಾಚುತ್ತಾ ಕೈಗಿತ್ತ ಲವಂಗ. ವಠಾರದಂಥ ಚಾಳಿನ ಕೋಣೆಯಲ್ಲಿ ಸ್ಟೋವ್ ಹಚ್ಚಿದ ಮೇಲೆ, ಸೀಮೆಎಣ್ಣೆಯ ನಾತ ಹೋಗಲೆಂದು ಅಂಗೈಗೆ ಉಜ್ಜಿಕೊಳ್ಳುತ್ತಿದ್ದ ನಿಂಬೆಸಿಪ್ಪೆ... ಮುಂಬೈಯಲ್ಲೇ ಹುಟ್ಟಿ ಬೆಳೆದ ಸೊಸೆ ಕನ್ನಡದಲ್ಲಿ ತಡವರಿಸುತ್ತಿದ್ದಳು; ಅಲ್ಲಿಯವರೆಗೆ ಅತ್ತೆಯ ಜೊತೆ ಅವಳದು ಬೇಕಾದಷ್ಟೇ ಮಾತು. ಈಗ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂತುಬಿಡುತ್ತಿದ್ದಳು.

ಒಂದು ಭಾನುವಾರ ಮೂವರೂ ಮಾರ್ಕೆಟ್ಟಿನಿಂದ ತರಕಾರಿ ತರುತ್ತಿದ್ದೆವು. ಬಿಲ್ಡಿಂಗ್ ಪಕ್ಕದ ಗಟಾರವನ್ನು ತೆರೆದು ಕೆಸರು ಎತ್ತುತ್ತಿದ್ದರು. ನಾವಿಬ್ಬರೂ ಮೂಗು ಮುಚ್ಚಿಕೊಂಡೆವು. ಅಕ್ಕ ಮಾತ್ರ ನಿಂತುಬಿಟ್ಟರು.

“ಏ... ಗಟಾರ ನಾರ್ತಾ ಉಂಟಲ್ಲ! ಎಂಥ ಗಬ್ಬು ಮಾರಾಯ್ತಿ!”

ನಗುತ್ತಿದ್ದರು, ಕಣ್ಣಲ್ಲಿ ನೀರು. ಸೊಸೆ ಚೀಲವನ್ನು ಅಲ್ಲೇ ಬಿಟ್ಟು ಅವರನ್ನು ತಬ್ಬಿಕೊಂಡಳು. ಟೊಮೆಟೊ ರಸ್ತೆಗೆಲ್ಲ ಉರುಳಿತು.

ಆಮೇಲೆ ಒಂದೊಂದೇ ವಾಸನೆ ಬಂತು. ಗುಲಾಬಿ ಮಾತ್ರ ಬರಲೇ ಇಲ್ಲ. “ಹೋಗ್ಲಿ ಬಿಡು, ಒಗ್ಗರಣೆಗೆ ಯಾರಾದ್ರೂ ಗುಲಾಬಿ ಹಾಕ್ತಾರಾ?” ಎಂದರು ಅಕ್ಕ. ಗೋಡೆಗೆ ಗ್ಯಾಸ್ ಅಲಾರಂ ಹಾಕಿಸಿ, ಲೈಟರನ್ನು ಸೊಸೆಯೇ ಅವರ ಕೈಗಿತ್ತಳು. ಭಾನುವಾರಗಳಂದು ಅಕ್ಕ ಅವಳನ್ನು ಬಾಗಿಲ ಬಳಿ ಕೂರಿಸಿಕೊಂಡು ತಲೆಗೆ ಕೊಬ್ಬರಿ ಎಣ್ಣೆ ಹಚ್ಚತೊಡಗಿದರು.

ಕಳೆದ ವರ್ಷ ಅಕ್ಕ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಸ್ಪತ್ರೆಯಿಂದ ಮರಳಿದ ಸೊಸೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಕೂತಳು.

“ಆಂಟಿ, ನಾನು ಹೊದಿಕೆ ಸರಿ ಮಾಡೋಕೆ ಬಗ್ಗಿದೆ. ಮಮ್ಮಿ ನನ್ನ ತಲೆ ಮೂಸಿದ್ರು. ‘ಎಣ್ಣೆ ಹಾಕದೆ ಎಷ್ಟು ದಿನ ಆಯ್ತು ಮಗಾ’ ಅಂದ್ರು. ಬಸ್, ಅಷ್ಟೇ... ಮತ್ತೆ ಮಾತಾಡ್ಲಿಲ್ಲ.”

ಈಗ ಭಾನುವಾರಗಳಂದು ಸೊಸೆ ಒಬ್ಬಳೇ ಬಾಗಿಲ ಬಳಿ ಕೂತು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಹಿಂದಲೆಗೆ ಕೈ ಸರಿಯಾಗಿ ಎಟುಕುವುದಿಲ್ಲ. ನಾನು ಹೋಗಿ ಹಚ್ಚುತ್ತೇನೆ. ಅಕ್ಕನಷ್ಟು ಚೆನ್ನಾಗಿ ನನಗೆ ಬರುವುದಿಲ್ಲ... ಆದರೂ ಅವಳು ತಲೆ ಬಗ್ಗಿಸಿ ಕೂರುತ್ತಾಳೆ.